ಎಲೆ ನುಂಗುವ ಹೊಲ

ಹೊಂಗೆಯ ಒಣ ಎಲೆಯೊಂದು ಹೊಲದಲ್ಲಿ ತಾನೇ ಎದ್ದು ನಿಂತಿತು. ಗಾಳಿ ಇರಲಿಲ್ಲ. ನೋಡುತ್ತಿದ್ದಂತೆ ಅದು ನಡುಗುತ್ತ ನೆಲದೊಳಕ್ಕೆ ಇಳಿಯಿತು. ಪಕ್ಕದಲ್ಲಿ ಇನ್ನೊಂದು ಎದ್ದಿತು. ಕಿವಿಗೊಟ್ಟರೆ ಹೊಲದ ತುಂಬ ಸರಸರ ಸದ್ದು.

ನಾನು ದಾಸನಕೊಪ್ಪಕ್ಕೆ ಸೊಸೆಯಾಗಿ ಬಂದ ಮೊದಲ ಮಳೆಗಾಲ. ಮಳೆ ಬಿಟ್ಟ ಸಂಜೆ. ಈ ಹೊಲದಲ್ಲಿ ದೆವ್ವವಿದೆಯೆಂದು ಕಳೆ ಕೀಳುವ ಹೆಂಗಸರು ಬೆಳಿಗ್ಗೆಯಷ್ಟೇ ಕೆಲಸ ಬಿಟ್ಟು ಹೋಗಿದ್ದರು. ಆಗ ನಾನು ನಕ್ಕಿದ್ದೆ. ಈಗ “ಅತ್ತೀ!” ಎಂದು ಚೀರಿದೆ.

ಅತ್ತೆ ಬಂದು, ಅರ್ಧ ಮುಳುಗಿದ್ದ ಎಲೆಯನ್ನು ಮೆಲ್ಲಗೆ ಎಳೆದರು. ಅದರ ತುದಿಗೆ ಅಂಟಿಕೊಂಡು ಎರೆಹುಳವೊಂದು ಮೇಲೆ ಬಂತು.

“ವರ್ಷಾ ವರ್ಷಾ ಸೊಪ್ಪು ಸಗಣಿ ಕೊಳಿಸಿ ಗೊಬ್ಬರ ಉಣಿಸೀವಿ. ಈಗ ಹೊಲ ತಾನ ಉಣ್ಣಾಕ ಕಲ್ತೈತಿ,” ಎಂದು ಎಲೆಯನ್ನು ಇದ್ದಲ್ಲೇ ಇಟ್ಟರು.

ಆಮೇಲೆ ಬದುವಿನಾಚೆ ಕೈ ತೋರಿಸಿದರು. ಅದು ಗೊಬ್ಬರವನ್ನೇ ಕಾಣದ ಪಕ್ಕದವರ ಹೊಲ. ಅದೇ ಹೊಂಗೆ ಮರದ ಎಲೆಗಳು ಅಲ್ಲಿ ಬಿದ್ದಲ್ಲೇ ಬಿದ್ದಿದ್ದವು. ಒಂದೂ ಅಲುಗಲಿಲ್ಲ.

“ಹೆದರೂದಾದ್ರ ಅದನ್ನ ನೋಡಿ ಹೆದರವ್ವಾ.”

ಇಂದಿಗೂ ಯಾರ ಹೊಲಕ್ಕೆ ಹೋದರೂ ಮಳೆ ಬಿಟ್ಟ ಸಂಜೆ ಉಸಿರು ಬಿಗಿಹಿಡಿದು ಕಿವಿಗೊಡುತ್ತೇನೆ. ಆ ಸರಸರ ಸದ್ದು ಕೇಳಿಸದಿದ್ದರೆ ಮೈ ಜುಮ್ಮೆನ್ನುತ್ತದೆ.