ನಂಜಮ್ಮಜ್ಜಿಯ ಮೂವತ್ತು ಶಿವಾಯ

ಮಾದಪ್ಪನನ್ನು ನಂಬಿದವರಿಗೆಲ್ಲ ದೊಡ್ಡಗಾಜನೂರಿನ ಸಿದ್ದಲಿಂಗನ ಶರಣು. ಹರಕೆ ಹೊರುವ ಮುಂಚೆ ಎರಡು ಸಲ ಯೋಚನೆ ಮಾಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯೋಚನೆ ಮಾಡದೆ ಹೊತ್ತ ಒಂದು ಹರಕೆ ನನ್ನ ಮಗುವಿನ ಜೀವಕ್ಕೇ ಬರುವುದರಲ್ಲಿತ್ತು.

ನನ್ನ ಹೆಂಡತಿ ಗೌರಿಯ ಮೊದಲ ಹೆರಿಗೆ ಮನೆಯಲ್ಲೇ ಆಯಿತು. ಸೂಲಗಿತ್ತಿ ಎಲ್ಲ ಸರಿಯಾಗಿದೆ ಅನ್ನುತ್ತಲೇ ಇದ್ದಳು. ಹುಟ್ಟಿದ ಮಗು ಅಳಲಿಲ್ಲ. ಹೊಟ್ಟೆಯೊಳಗೆ ಅದರ ಜೀವ ಯಾವಾಗ ಹೋಯಿತೋ ಒಬ್ಬರಿಗೂ ತಿಳಿಯಲಿಲ್ಲ. ಎರಡನೆಯದಕ್ಕೆ ಆಸ್ಪತ್ರೆಯೇ ಸರಿ ಅಂತ ನಾನು ಅವತ್ತೇ ತೀರ್ಮಾನ ಮಾಡಿದ್ದೆ.

ಎಪ್ಪತ್ತೆಂಟನೇ ಇಸವಿ, ಕಾರ್ತಿಕ ಮಾಸದ ಒಂದು ಸೋಮವಾರ ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಮೊದಲ ಬಸ್ಸು ಹತ್ತಿದೆವು. ಜೊತೆಗೆ ನಮ್ಮಪ್ಪನ ತಾಯಿ ನಂಜಮ್ಮಜ್ಜಿಯೂ ಬಂದಳು. ಬೇಡ ಅಂದರೆ ಕೇಳುವ ಜೀವವಲ್ಲ.

ಅಜ್ಜಿಯ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಅಜ್ಜಿಯ ಬಾಯಿ ಇತ್ತು. ಎಸರಿಗೆ ರಾಗಿಹಿಟ್ಟು ಬಿದ್ದ ಮೇಲೆ ಇನ್ನೂರು ಸಲ ‘ಓಂ ನಮಃ ಶಿವಾಯ’ ಅಂದರೆ ಮುದ್ದೆ ತಿರುವಬಹುದು. ಹುರುಳಿಕಾಳು ಹುರಿಯುವುದಕ್ಕೆ ಒಂದು ಲೆಕ್ಕ, ಮಜ್ಜಿಗೆ ಕಡೆಯುವುದಕ್ಕೆ ಇನ್ನೊಂದು. ಬೆರಳಿನ ಗೆಣ್ಣು ಮುಟ್ಟುತ್ತಾ, ಆಚೆಮನೆಗೂ ಕೇಳುವ ಹಾಗೆ ಎಣಿಸುತ್ತಿದ್ದಳು. ಐವತ್ತು ವರ್ಷದಲ್ಲಿ ಅವಳ ಮುದ್ದೆ ಒಂದು ದಿನವೂ ಗಂಟುಕಟ್ಟಿರಲಿಲ್ಲ. ಸೋಮವಾರವಂತೂ ಉಪವಾಸ, ಊಟಕ್ಕೆ ಅಂತ ಬಾಯಿಗೆ ಬಿಡುವೂ ಇಲ್ಲ.

ಆಸ್ಪತ್ರೆ ಸಣ್ಣದು. ಡಾಕ್ಟರು ಏನೋ ಕೆಲಸಕ್ಕೆ ಸತ್ಯಮಂಗಲಕ್ಕೆ ಇಳಿದಿದ್ದರು. ದಿಂಬಂ ಘಟ್ಟದ ಕೆಳಗಿನ ತಿರುವಿನಲ್ಲಿ ಲಾರಿ ಅಡ್ಡ ನಿಂತು ದಾರಿ ಕಟ್ಟಿದೆ, ಅವರು ಬರುವುದು ಸಂಜೆಯೇ ಅಂತ ಬಸ್ಸಿನವರು ಹೇಳಿದರು. ಇದ್ದವರು ನರ್ಸಮ್ಮ ಒಬ್ಬರೇ. ಕೆಳನಾಡಿನ ತಮಿಳರು, ಕನ್ನಡ ಚೆನ್ನಾಗಿ ಕಲಿತಿದ್ದರು.

ಅವರು ಗೌರಿಯನ್ನು ಮಲಗಿಸಿ, ಮರದ ಸಣ್ಣ ಕೊಳವೆಯೊಂದನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯಿಟ್ಟರು. ಕಣ್ಣು ಕೈಗಡಿಯಾರದ ಮೇಲೆ. ಬಾಗಿಲ ಬಳಿ ಬೆಂಚಿನಲ್ಲಿ ಕೂತಿದ್ದ ಅಜ್ಜಿ ನನ್ನ ಕಡೆ ತಿರುಗಿದಳು.

“ಅಲ್ಲ ಕಣ್ಲಾ ಸಿದ್ದ, ಎತ್ಗೆ ಔಸ್ದಿ ಕುಡ್ಸೋ ಗೊಟ್ಟ ಅಲ್ವಾ ಅದು? ಬಾಯ್ಗಿಕ್ಕದ್ ಬುಟ್ಟು ಒಟ್ಟೆ ಮ್ಯಾಲ್ ಯಾಕ್ಲಾ ಇಕ್ಕವ್ಳೆ?”

“ಮಗೀನ ಎದೆ ಬಡ್ಕೊಳೋದು ಕೇಳ್ತದಂತೆ ಅಜ್ಜಿ. ನಿಮಿಸಕ್ಕೆ ಎಷ್ಟು ಅಂತ ಎಣುಸ್ತಾರೆ.”

ಎಣಿಸುತ್ತಾರೆ ಅಂದದ್ದೇ ತಪ್ಪಾಯಿತು. ಎಣಿಕೆ ಅಂದರೆ ತನ್ನ ಇಲಾಖೆ ಅಂತ ತಿಳಿದ ಅಜ್ಜಿ, ಗೆಣ್ಣಿಗೆ ಬೆರಳಿಟ್ಟು ‘ಓಂ ನಮ ಸಿವಾಯ’ ಶುರುಮಾಡಿಬಿಟ್ಟಳು. ನರ್ಸಮ್ಮ ಕಾಲು ಗಂಟೆಗೊಮ್ಮೆ ಕೊಳವೆ ಇಡುವುದು, ಅಜ್ಜಿಯ ಧ್ವನಿ ನಡುವೆ ನುಗ್ಗುವುದು, ಅವರ ಲೆಕ್ಕ ತಪ್ಪುವುದು. ಮೂರನೇ ಸಲಕ್ಕೆ ಅವರ ತಾಳ್ಮೆ ಹೋಯಿತು. ಅಜ್ಜಿಯನ್ನು ಅವರು ತಮಿಳಿನಲ್ಲಿ ಪಾಟಿ ಅನ್ನುತ್ತಿದ್ದರು.

“ಪಾಟಿ, ನನ್ನ ಲೆಕ್ಕ ನೂರ ನಲವತ್ತು. ನಿಮ್ಮದು ಮಧ್ಯೆ ಬರುತ್ತೆ. ನಾನೂ ಗಡಿಯಾರ ನೋಡ್ತಾನೇ ಇದೀನಿ, ನಿಮ್ಮ ಶಿವಾಯ ನಿಮಿಷಕ್ಕೆ ಮೂವತ್ತು, ಪ್ರತಿ ಸಲವೂ ಮೂವತ್ತೇ. ನನ್ನ ತಲೇಲಿ ನಿಮ್ಮ ಮೂವತ್ತು ಕೂತಿದೆ, ಮಗೂದು ಓಡಿಹೋಗ್ತಿದೆ. ದಯವಿಟ್ಟು ಬಾಯಿ ಮುಚ್ಚಿ.”

ಲೆಕ್ಕ ತಪ್ಪಿ ಈ ಮಗುವೂ ಹೇಳದೆ ಕೇಳದೆ ಹೋದರೆ? ಕಣ್ಣು ಮುಚ್ಚಿ ಬೇಡಿಕೊಂಡೆ: ಮಾದಪ್ಪಾ, ನಮ್ಮಜ್ಜಿಯ ಬಾಯಿ ಮುಚ್ಚಿಸು, ನಿನಗೊಂದು ಕಾಯಿ ಒಡೆಯುತ್ತೇನೆ.

ಕಣ್ಣು ಬಿಡುವಷ್ಟರಲ್ಲಿ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹುಟ್ಟಿದಾಗಿನಿಂದ ಕಾಣದ ದೃಶ್ಯ. ಇಷ್ಟು ಸಲೀಸಾಗಿ ವರ ಕೊಡುವ ದೇವರು ಅಂತ ಗೊತ್ತಿದ್ದರೆ ವರ್ಷಗಳ ಹಿಂದೆಯೇ ಕೇಳುತ್ತಿದ್ದೆ ಅನ್ನಿಸಿತು.

ಆ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ನರ್ಸಮ್ಮ ಕೈ ತೊಳೆಯಲು ಬಿಚ್ಚಿಟ್ಟ ಗಡಿಯಾರ ಔಷಧಿ ನೀರಿನ ಬಕೆಟ್ಟಿಗೆ ಜಾರಿತು. ತೆಗೆದು, ಒರೆಸಿ, ಕೊಡವಿದರು. ಮುಳ್ಳು ಅಲುಗಲಿಲ್ಲ. ನೋವು ಒಂದರ ಹಿಂದೆ ಒಂದು ಬರತೊಡಗಿತ್ತು. ಇನ್ನು ಪ್ರತಿ ನೋವು ಇಳಿದ ಕೂಡಲೇ ಎಣಿಸಬೇಕು, ಸೆಕೆಂಡಿನ ಮುಳ್ಳಿರುವ ಗಡಿಯಾರ ತನ್ನಿ ಅಂದರು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿಲ್ಲ. ಟೀ ಅಂಗಡಿಯವನ ಕೈಯಲ್ಲಿದ್ದದ್ದು ನಿಂತುಹೋದ ಗಡಿಯಾರ, ಮಾವ ಕೊಟ್ಟದ್ದು ಅಂತ ಕಟ್ಟಿಕೊಂಡಿದ್ದಾನಂತೆ. ಬರಿಗೈಯಲ್ಲಿ ವಾಪಸ್ಸು ಬಂದರೆ ಕಂಡದ್ದೇನು? ನರ್ಸಮ್ಮ ಅಜ್ಜಿಯ ಮುಂದೆ ಕೈಮುಗಿದು ನಿಂತಿದ್ದಾರೆ.

“ಪಾಟಿ, ನಿಮ್ಮ ಮೂವತ್ತೇ ನನಗೆ ಒಂದು ನಿಮಿಷ. ಆಗ ಹೇಳಿದ ಹಾಗೇ ಹೇಳಿ.”

ಅಜ್ಜಿ ಸೆರಗು ತೆಗೆಯಲಿಲ್ಲ. ನಾನು ಕಾಲು ಹಿಡಿದೆ. ಸೆರಗಿನ ಸಂದಿಯಿಂದ ಒಂದು ಮಾತು ಬಂತು. “ಬಾಯ್ ಮುಚ್ಚು ಅಂದೋರು ಯಾರ್ಲಾ?” ಮತ್ತೆ ಸೆರಗು.

ಬೇರೆಯವರಿಗೆ ಇದು ಮುದುಕಿಯ ಮುನಿಸು. ನನಗೆ ಗೊತ್ತಿತ್ತು, ಇದು ನನ್ನ ಹರಕೆ. ಮಾದಪ್ಪಾ, ಕಾಯಿಯ ಮಾತು ವಾಪಸ್ಸು ತಗೊಂಡೆ. ಆ ಬಾಯಿ ತೆರೆಸು, ನನ್ನ ಮುಡಿ ಕೊಡುತ್ತೇನೆ. ಆ ಕಾಲದಲ್ಲಿ ಕಿವಿ ಮುಚ್ಚುವಷ್ಟು ಕ್ರಾಪು ಬಿಟ್ಟು, ದಿನಕ್ಕೆ ನಾಲ್ಕು ಸಲ ಬಾಚುತ್ತಿದ್ದವನು ನಾನು. ಮಾದಪ್ಪನಿಗೂ ಅದರ ಬೆಲೆ ಗೊತ್ತಿದ್ದಿರಬೇಕು.

ಮಂಚದ ಮೇಲಿಂದ ಗೌರಿಯ ಧ್ವನಿ ಬಂತು. ಅಜ್ಜಿ ಎಣಿಸದಿದ್ದರೆ ತಾನೇ ಎಣಿಸುವುದು ಅಂತ, ನೋವಿನಲ್ಲಿ ಏದುಸಿರು ಬಿಡುತ್ತಾ ನಾಲ್ಕು ಶಿವಾಯಗಳನ್ನು ಒಂದೇ ಉಸಿರಿಗೆ ಹೇಳಿ, ಐದನೆಯದಕ್ಕೆ ನಿಂತು, ಮತ್ತೆ ಓಡಿಸಿದಳು. ಅಜ್ಜಿಯ ಬೆನ್ನು ನೆಟ್ಟಗಾಯಿತು.

“ಅದೇನವ್ವ ಕೋಳಿ ಅಟ್ಟುದಂಗೆ ಏಳೀಯೆ? ಇಂಗೇಳುದ್ರೆ ಇಟ್ಟು ಬೇಯ್ತದಾ? ಸರಿ ಅತ್ಲಾಗೆ.” ಎದ್ದು ಹೋಗಿ ಮಂಚದ ಪಕ್ಕದಲ್ಲಿ ಕೂತು ಗೆಣ್ಣಿಗೆ ಬೆರಳಿಟ್ಟಳು. “ಓಂ ನಮ ಸಿವಾಯ. ಓಂ ನಮ ಸಿವಾಯ.”

ನರ್ಸಮ್ಮನ ಒಂದು ಕಿವಿ ಕೊಳವೆಗೆ, ಇನ್ನೊಂದು ಅಜ್ಜಿಗೆ. ಮೂವತ್ತು ತುಂಬಿದಾಗ ಅಜ್ಜಿ ಮಂಚಕ್ಕೆ ಒಂದು ಏಟು ಹಾಕುವಳು. ನಾನು ಪರದೆಯ ಆಚೆ ನಿಂತು ಕೇಳುತ್ತಿದ್ದೆ. ನೂರ ನಲವತ್ತು ಅಂದರು. ನೂರ ಮೂವತ್ತಾರು ಅಂದರು. ಇನ್ನೊಂದು ನೋವು ಇಳಿದ ಮೇಲೆ, ನೂರು ಅಂದರು. ಅವರ ಧ್ವನಿ ಬದಲಾಗಿತ್ತು. “ಗೌರಿ, ಎಡಕ್ಕೆ ಹೊರಳಮ್ಮಾ. ಪಾಟಿ, ಇನ್ನೊಂದ್ಸಲ.” ಅಜ್ಜಿ ಶುರುಮಾಡಿದಳು. ನನಗೆ ಆ ಮೂವತ್ತು ಮುಗಿಯುವುದೇ ಇಲ್ಲ ಅನ್ನಿಸಿತು. ಏಟು ಬಿತ್ತು. ನೂರ ಇಪ್ಪತ್ತೆಂಟು. ಲೆಕ್ಕ ಮತ್ತೆ ಮೇಲೇರಿತ್ತು.

ಕೊನೆಯಲ್ಲಿ ಲೆಕ್ಕ ತೊಂಬತ್ತಕ್ಕೆ ಇಳಿಯಿತು. ಮತ್ತೆ ಎಣಿಸಿದಾಗಲೂ ಮೇಲೇಳಲಿಲ್ಲ. ಇನ್ನು ಕಾಯುವ ಹಾಗಿಲ್ಲ, ಇರುವ ಶಕ್ತಿಯೆಲ್ಲ ಹಾಕಿ ಮುಕ್ಕಮ್ಮಾ ಅಂದರು ನರ್ಸಮ್ಮ. ಕರುಳಬಳ್ಳಿ ಕುತ್ತಿಗೆಗೆ ಸುತ್ತಿತ್ತಂತೆ. ಅದನ್ನು ಬಿಡಿಸಿ, ಮಗುವಿನ ಬೆನ್ನು ಉಜ್ಜಿದರು. ಒಂದು ಕ್ಷಣ ಅಜ್ಜಿಯ ಬಾಯಿಯೂ ನಿಂತಿತು. ಆಮೇಲೆ ಮಗು ಅತ್ತಿತು. ಬಸ್‌ಸ್ಟ್ಯಾಂಡಿಗೂ ಕೇಳುವ ಅಳು. ಮುತ್ತಜ್ಜಿಯ ಗಂಟಲೇ ಬಂದಿದೆ ಅಂತ ಅಲ್ಲೇ ತಿಳಿಯಿತು. ನಾನು ನಾಚಿಕೆ ಬಿಟ್ಟು ಅತ್ತೆ. ಹೆಣ್ಣುಮಗು, ಮಾದೇವಿ ಅಂತ ಹೆಸರಿಟ್ಟೆವು.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಜ್ಜಿ ಅವತ್ತು ಸಂಜೆ ನನಗೊಂದು ಮಾತು ಹೇಳಿದಳು.

“ನೂರು ಅಂದ್ಳಲ್ಲ ಆ ತಾಯಿ, ಆಗ ನಂಗೆ ಜೀವ್ವೇ ಓದಂಗಾಯ್ತು ಕಣ್ಲಾ. ನಾನು ವಸಿ ನಿಧಾನ್ವಾಗ್ ಏಳ್ಬುಟ್ರೆ ಮಗೀನ ಲೆಕ್ಕ ಜಾಸ್ತಿ ಬತ್ತದೆ, ಗೌರಿಗೂ ನಿಂಗೂ ಧೈರ್ಯಾಯ್ತದೆ ಅನ್ನುಸ್ತು. ಆದ್ರೆ ಸಿವುನ್ ಎಸ್ರು ಇಡ್ಕೊಂಡು ಸುಳ್ಳೇಳಾಕಾಯ್ತದಾ? ಮುದ್ದೆಗೆ ಏಳ್ದಂಗೇ ಏಳ್ದೆ.”

ಅವಳು ಪ್ರೀತಿಗೆ ಸೋತು ಒಂದು ಸುತ್ತು ಎಳೆದಿದ್ದರೆ ನರ್ಸಮ್ಮ ಗೌರಿಯನ್ನು ಹೊರಳಿಸುತ್ತಿರಲಿಲ್ಲ. ಮೊದಲನೆಯ ಮಗುವಿನ ಹಾಗೆ ಇದೂ ಯಾರಿಗೂ ತಿಳಿಯದೆ ಹೋಗುತ್ತಿತ್ತು. ಮಾದಪ್ಪ ನನಗೆ ಕೊಟ್ಟ ಗಡಿಯಾರ ನಮ್ಮ ಮನೆಯಲ್ಲೇ ಇತ್ತು, ಅದನ್ನು ನಿಲ್ಲಿಸು ಅಂತ ಬೇಡಿಕೊಂಡವನು ನಾನು.

ಮುಡಿ ಕೊಟ್ಟು ಬಂದೆ. ಮಗು ನನ್ನ ಬೋಳುತಲೆ ಕಂಡು ಒಂದು ವಾರ ಕಿರುಚಿತು. ಅಜ್ಜಿ ಕಳೆದ ಕಾರ್ತಿಕದಲ್ಲಿ ಲಿಂಗೈಕ್ಯಳಾದಳು. ಈಗ ಎಂಟು ವರ್ಷದ ಮಾದೇವಿ ಒಲೆಯ ಮುಂದೆ ಕೂತು, ಆಚೆಮನೆಗೂ ಕೇಳುವ ಹಾಗೆ ಶಿವಾಯ ಎಣಿಸುತ್ತಾಳೆ. ಕೆಲವು ದಿನ ತಲೆ ಸಿಡಿಯುತ್ತದೆ. ಆದರೂ ಮಾದಪ್ಪನ ಆಣೆ, ಅವಳ ಬಾಯಿ ಮುಚ್ಚಿಸು ಅಂತ ನಾನು ಯಾವ ದೇವರನ್ನೂ ಕೇಳುವುದಿಲ್ಲ.