ಹತ್ತು ಕಾಲ್ಬೆರಳುಗಳ ಪರವಾಗಿ

ನಮ್ಮ ಕಡೆಯ ಜನ ಚಳಿಗಾಲದಲ್ಲಿ ತಲೆಯನ್ನು ಕಾಯುತ್ತಾರೆ, ಕಾಲನ್ನು ಕೈಬಿಡುತ್ತಾರೆ. ಅನುಮಾನವಿದ್ದರೆ ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಮ್ಮೂರು ರಾಜೂರಿನಲ್ಲಿ ಬಸ್ಸಿಗೆ ಕಾಯುವವರ ನಡುವೆ ನಿಂತು ನೋಡಿ. ಮಫ್ಲರು ಮೂರು ಸುತ್ತು, ಸ್ವೆಟರು, ಅದರ ಮೇಲೊಂದು ಶಾಲು. ಕಣ್ಣು ಕೆಳಗಿಳಿಸಿದರೆ ಹವಾಯಿ ಚಪ್ಪಲಿ ಮತ್ತು ಬೂದಿ ಬಣ್ಣಕ್ಕೆ ತಿರುಗಿದ ಹತ್ತು ಬೆರಳು. ಯಾಕೆ ಹೀಗೆ ಎಂದು ಕೇಳಿದರೆ "ಥಂಡಿ ಕಿವ್ಯಾಗಿಂದ ಒಳಗ ಹೋಗ್ತದವಾ" ಎಂಬ ಉತ್ತರ. ಹೋಗುವುದನ್ನು ಯಾರು ನೋಡಿದ್ದಾರೆ ಎಂದು ಕೇಳಿದರೆ ನಾನು ಉದ್ಧಟಳು.

ಪದವಿಯ ಕೊನೆಯ ವರ್ಷ ಈ ಉದ್ಧಟತನಕ್ಕೆ ಪರೀಕ್ಷೆ ಬಂತು. ನನ್ನ ಕಾಲೇಜು ಗಜೇಂದ್ರಗಡದಲ್ಲಿ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಡಂ ಏಳೂವರೆಗೆ ಕೂಡಿಸುತ್ತಿದ್ದರು, ಎಂಟೂವರೆಗೆ ಏಳಿಸುತ್ತಿದ್ದರು. ನನಗೆ ಸಿಗುತ್ತಿದ್ದ ಬಸ್ಸು ಗಜೇಂದ್ರಗಡ ಮುಟ್ಟುವ ಹೊತ್ತಿಗೆ ಅಲ್ಲಿ ಉಳಿದಿರುತ್ತಿದ್ದದ್ದು ಖಾಲಿ ಬೆಂಚು. ಆದ್ದರಿಂದ ಸೈಕಲ್. ಸೈಕಲ್ ಇದ್ದರೆ ಚರ್ಚೆ ಇತ್ತು, ಸೈಕಲ್ ಹೋದರೆ ಚರ್ಚೆಯೂ ಹೋಯಿತು.

ಮುಕ್ಕಾಲು ತಾಸಿನ ದಾರಿ. ಮೊದಲ ವಾರ ಬೆರಳು ಜುಮುಗುಟ್ಟಿದವು, ಎರಡನೆಯ ವಾರ ಮರಗಟ್ಟಿದವು, ಮೂರನೆಯ ವಾರ ಕೆಂಪಗೆ ಬಾತು ರಾತ್ರಿಯೆಲ್ಲ ತುರಿಸತೊಡಗಿದವು. ಅಡಗಿಸಿಟ್ಟುಕೊಂಡು ತಿರುಗಿದೆ. ಆದರೆ ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ತುರಿಸಿಕೊಳ್ಳುತ್ತಿದ್ದಾಗ ದೊಡ್ಡಪ್ಪನ ಕಣ್ಣಿಗೆ ಬಿದ್ದೆ.

ದೊಡ್ಡಪ್ಪ ನೇಕಾರರು, ಆಗಿದ್ದರು ಎನ್ನಬೇಕು. ನಮ್ಮ ಮನೆಯದು ಕುಣಿಮಗ್ಗ. ನೇಯುವವರು ನೆಲದ ಅಂಚಿಗೆ ಕೂತು ಎರಡೂ ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಹಲಗೆಯ ಒತ್ತು ಅಂಗಾಲಿಗೆ ತಿಳಿಯಬೇಕು, ಹಾಗಾಗಿ ಬರಿಗಾಲೇ ಆಗಬೇಕು. ಹಾಗೆ ತುಳಿದೂ ತುಳಿದೂ ಅವರ ಮೊಣಕಾಲು ಹಿಡಿದುಕೊಂಡಿದ್ದವು. ಈಗ ಮಗ್ಗಕ್ಕೆ ಅಪ್ಪ ಕೂರುತ್ತಾರೆ, ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಾರೆ.

"ನಾಳಿಂದ ಬಸ್ಸಿಗೆ ಹೋಗು" ಅಂದರು. ಗೂಟಕ್ಕಿದ್ದ ಸೈಕಲ್ ಕೀಲಿ ಅವರ ಅಂಗಿಯ ಕಿಸೆ ಸೇರಿತು.

"ಹೆಣ್ಣುಹುಡುಗಿ ಅಂತ ಹೇಳಾಕತ್ತೀರೇನು?" ಎಂದು ಕೇಳಿದೆ. ಖರೇ ಹೇಳುತ್ತೇನೆ, ಆಸೆಯಿಂದ ಕೇಳಿದೆ. ಆ ವಾದಕ್ಕೆ ನನ್ನ ಹತ್ತಿರ ಹನ್ನೊಂದು ಉತ್ತರ ತಯಾರಿದ್ದವು.

"ಹೆಣ್ಣಿಗಿ ಬ್ಯಾರೆ ಕಾಲು, ಗಂಡಿಗಿ ಬ್ಯಾರೆ ಕಾಲು ಅದಾವೇನವಾ? ನನ್ನ ಮೊಣಕಾಲು ನೋಡು. ಥಂಡಿ ಹೊಕ್ಕದ್ದು ಹೊರಗ ಬರಂಗಿಲ್ಲ."

"ನಿಮ್ಮ ಕಾಲು ದಿನಾ ಹತ್ತು ತಾಸು ಕುಣ್ಯಾಗ ಇದ್ವು. ನನ್ನವು ಮುಕ್ಕಾಲು ತಾಸು ಗಾಳ್ಯಾಗ ಇರ್ತಾವ. ಎರಡೂ ಒಂದ ಹ್ಯಾಂಗ ಆಗ್ತಾವ್ರಿ?"

"ಕಾಲಿಗೇನು ಗೊತ್ತು, ಅದು ಕುಣಿ ಐತೋ ಪೆಡಲ್ ಐತೋ."

ಒಳ್ಳೆಯ ಉತ್ತರ. ಎದುರಾಳಿಯ ಒಳ್ಳೆಯ ಉತ್ತರದಷ್ಟು ನನಗೆ ಸಿಟ್ಟು ತರಿಸುವುದು ಬೇರೇನೂ ಇಲ್ಲ.

"ಎಂಟು ದಿನ ಕೊಡ್ರಿ" ಎಂದೆ. "ಗಡ ಮುಟ್ಟಿದಾಗ ಬೆರಳು ಬೆಚ್ಚಗಿರಲಿಲ್ಲಂದ್ರ ನಾನ ಸೈಕಲ್ ಬಿಡತೀನಿ."

"ನನ್ನ ಕೈಗೆ ಬೆಚ್ಚಗ ಹತ್ತಬೇಕು" ಎಂದರು. "ನಿನ್ನ ಬಾಯಿಗಲ್ಲ." ಅಲ್ಲಿಂದ ಕೀಲಿ ದಿನಾ ಮುಂಜಾನೆ ಅವರ ಕಿಸೆಯಿಂದ ಬಂದು ಸಂಜೆಗೆ ಕಿಸೆಗೇ ಮರಳತೊಡಗಿತು.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಕಾಲುಚೀಲ ಎರಡೆರಡು ಹಾಕ್ಕೋ ಎಂದರು ಎಲ್ಲರೂ. ಎಲ್ಲರೂ ಹೇಳಿದರೆಂದೇ ನಾನು ನಂಬಲಿಲ್ಲ. ಎಡಗಾಲಿಗೆ ಎರಡು, ಬಲಗಾಲಿಗೆ ಒಂದು ಹಾಕಿ ಹೊರಟೆ. ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಎಡಗಾಲೇ ಹೆಚ್ಚು ಸೆಟೆದಿತ್ತು. ಬೂಟು ಬಿಗಿಯಾಗಿ ಬೆರಳಿಗೆ ಮಿಸುಕಾಡಲು ಜಾಗವೇ ಇರಲಿಲ್ಲ. ರಕ್ತ ಎಲ್ಲಿಂದ ಹರಿಯಬೇಕು? ಮಾರನೆಯ ದಿನವೂ ಅದೇ ಫಲ. ಮೂರನೆಯ ದಿನ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದೆ. ಅರ್ಧ ದಾರಿ ಸುಖ. ಆಮೇಲೆ ಒಳಗೆ ಬೆವರು, ಬೆವರು ಆರಿದಂತೆ ಮೊದಲಿಗಿಂತ ಕೆಟ್ಟ ಚಳಿ.

ನಾಲ್ಕನೆಯ ದಿನ ನನಗೆ ಬುದ್ಧಿ ಹೆಚ್ಚಾಯಿತು. ಮಗ್ಗದಲ್ಲಿ ಸೀರೆ ಮುಗಿದಾಗ ಹಾಸಿನ, ಅಂದರೆ ಉದ್ದನೆಯ ಎಳೆಗಳ, ತುದಿಯಲ್ಲಿ ಒಂದಿಷ್ಟು ನೂಲು ಉಳಿಯುತ್ತದೆ, ಕತ್ತರಿಸಿ ಮೂಲೆಗೆ ಹಾಕಿರುತ್ತೇವೆ. ಹತ್ತಿ ನೂಲು, ಹಗುರ, ಮೆತ್ತಗೆ ಮಾಡಿಕೊಳ್ಳಬಹುದು. ಎರಡು ಹಿಡಿ ಹಿಂಜಿ ಬೂಟಿನ ಮೂತಿಗೆ ತುರುಕಿದೆ. ತಡವಾಗಿತ್ತೆಂದು ಕಡಲೆ ಹೊಲದ ನಡುವಿನ ಒಳದಾರಿ ಹಿಡಿದೆ. ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ನಡೆಯುವಾಗ ಗಿಡದ ಮೇಲಿನ ಇಬ್ಬನಿ ಬೂಟಿನೊಳಗಿಳಿಯಿತು. ಕಡಲೆಯ ಇಬ್ಬನಿ ಹುಳಿ. ಒಡೆದ ಚರ್ಮಕ್ಕೆ ತಾಗಿದರೆ ಚುರುಚುರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಬೆರಳುಗಳ ನಡುವೆ ಏನೋ ಲೊಳಲೊಳ ಎನ್ನತೊಡಗಿತು. ಕಾಲೇಜಿನಲ್ಲಿ ಬೂಟು ಬಿಚ್ಚಿದರೆ ನೂಲು, ಕಾಲುಚೀಲ, ಬೆರಳು ಎಲ್ಲಾ ಸೇರಿ ಒಂದೇ ಮುದ್ದೆ.

"ಯಾರ ಡಬ್ಬಿ ಹಳಸೇದ?" ಎಂದು ಮೇಡಂ ಮೂಗೆಳೆದರು.

ಆ ದಿನ ಸಂಜೆ ದೊಡ್ಡಪ್ಪ ನಕ್ಕದ್ದು ಹಿತ್ತಲತನಕ ಕೇಳಿತು. "ಹಾಸಿನ ನೂಲಿಗೆ ಗಂಜಿ ಹಾಕಿರ್ತೀವಲ್ಲ! ನೇಕಾರರ ಮನಿ ಮಗಳು, ಬೂಟಿನಾಗ ಗಂಜಿ ಕಾಸ್ಕೊಂಡು ಹೋಗ್ಯಾಳ!"

ಹಾಸಿನ ನೂಲಿಗೆ ಗಂಜಿ ಹಾಕುವಾಗ ಬಕೀಟು ಹಿಡಿಯುವವಳು ನಾನೇ. ಪ್ರತಿವಾದವಿಲ್ಲದ ತಪ್ಪು. ಆದರೂ ಸೋತ ಸುತ್ತಿನಿಂದ ಏನಾದರೂ ಎತ್ತಿಕೊಂಡು ಬರಬೇಕೆಂದು ಮೇಡಂ ಕಲಿಸಿದ್ದರು. ನಾನು ಎತ್ತಿಕೊಂಡದ್ದು ಇದು: ದಪ್ಪಕ್ಕೂ ಬೆಚ್ಚಗಿರುವುದಕ್ಕೂ ಸಂಬಂಧ ಕಡಿಮೆ. ಬೆರಳಿಗೆ ಗಾಳಿ ತಾಗಬಾರದು, ತೇವ ನಿಲ್ಲಬಾರದು, ಅವು ಮಿಸುಕಾಡಲು ಜಾಗ ಬೇಕು.

ಐದನೆಯ ದಿನ ಗಜೇಂದ್ರಗಡದ ಸೈಕಲ್ ಅಂಗಡಿಯಿಂದ ಮೋಟರ್‌ಸೈಕಲ್ಲಿನ ಹರಿದ ಟ್ಯೂಬು ಕೇಳಿ ತಂದೆ. ಗೇಣುದ್ದದ ಎರಡು ತುಂಡು ಕತ್ತರಿಸಿ, ಒಂದು ಕಡೆಯ ಬಾಯಿಯನ್ನು ಪಂಕ್ಚರ್ ಅಂಟು ಹಚ್ಚಿ ಮುಚ್ಚಿ, ಬೂಟಿನ ಮೂತಿಗೆ ಟೊಪ್ಪಿಗೆಯ ಹಾಗೆ ಎಳೆದು ಹಾಕಿದೆ. ಬೂಟಿನೊಳಗಿನ ಅಟ್ಟೆ ಕಿತ್ತು ಜಾಗ ಮಾಡಿದೆ. ಒಂದೇ ಜೊತೆ ಉಣ್ಣೆಯ ಕಾಲುಚೀಲ. ಕಣಕಾಲಿಗೆ ಅವ್ವನ ಹಳೆಯ ಶಾಲಿನ ಪಟ್ಟಿ. ಒಳದಾರಿ ಬಂದ್. ಒಣ ಕಾಲುಚೀಲ ಇನ್ನೊಂದು ಜೊತೆ ಚೀಲದಲ್ಲಿ.

ನೋಡಲು ಕಪ್ಪೆಯ ಮೂತಿ ಇದ್ದಂತಿತ್ತು. ಬಸ್ಸಿಗೆ ನಿಂತವರಲ್ಲಿ ಮಫ್ಲರಿನೊಳಗಿಂದ ಒಬ್ಬರು ಕೂಗಿದರು: "ಏನವಾ, ಸೈಕಲ್ ಪಂಕ್ಚರ್ ಆದ್ರ ಕಾಲಿಗೆ ತ್ಯಾಪಿ ಹಚ್ಚೀಯಲ್ಲ?"

"ಉಳದೈತ್ರಿ ಮಾವಾ, ನಿಮ್ಮ ಬಾಯಿಗೊಂದು ಹಚ್ಲೇನು?"

ಆರನೆಯ ದಿನ ಬೆರಳು ಬೆಚ್ಚಗಿದ್ದವು. ಏಳನೆಯ ದಿನವೂ. ಎಂಟನೆಯ ದಿನ ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕೂತು ಅವ್ವನ ಫೋನಿಗೆ ವಿಡಿಯೋ ಕರೆ ಮಾಡಿ, ಬೂಟು ಬಿಚ್ಚಿ, ಹತ್ತೂ ಬೆರಳನ್ನು ದೊಡ್ಡಪ್ಪನ ಮುಂದೆ ಕುಣಿಸಿದೆ.

"ಚಂದ ಕಾಣಾಕತ್ತಾವ" ಎಂದರು ದೊಡ್ಡಪ್ಪ. "ಬೆಚ್ಚಗ ಅದಾವಂತ ಹ್ಯಾಂಗ ತಿಳೀಬೇಕು? ಫೋನಿಗೆ ಕೈ ಇಟ್ಟು ನೋಡಿದೆ. ಫೋನು ಬೆಚ್ಚಗೈತಿ."

ಕರೆ ಕಟ್ ಆಯಿತು. ಮನೆಗೆ ಹೋಗುವಷ್ಟರಲ್ಲಿ ಬೆರಳು ಹೇಗೂ ಬಿಸಿಲಿಗೆ ಬೆಚ್ಚಗಾಗಿರುತ್ತವೆ, ಅದು ಸಾಕ್ಷಿ ಆಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಸಂಜೆ ಕೀಲಿ ಕಿಸೆಗೆ ಹೋಯಿತು. "ನಾಳೆ ಒಂದು ದಿನ ಹೋಗು" ಎಂದಷ್ಟೇ ಹೇಳಿದರು.

ಒಂಬತ್ತನೆಯ ದಿನ ನಾನು ಅದೇ ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಿದ್ದಂತೆ ನಮ್ಮೂರ ಹಾಲಿನವರ ಮೋಟರ್‌ಸೈಕಲ್ ಬಂದು ನಿಂತಿತು. ಹಿಂದೆ, ಕ್ಯಾನುಗಳ ನಡುವೆ, ದೊಡ್ಡಪ್ಪ. ಮಡಚದ ಮೊಣಕಾಲನ್ನು ಕೈಯಿಂದ ಎತ್ತಿ ಇಳಿಸಿಕೊಂಡರು. ಮಫ್ಲರು ಮೂರು ಸುತ್ತು. ಕಾಲಿಗೆ ಚಪ್ಪಲಿ.

"ಬಿಚ್ಚು" ಅಂದರು.

ಬೆಂಚಿನ ಮೇಲೆ ಕೂತು ಬಿಚ್ಚಿದೆ. ಅವರು ನನ್ನ ಬೆರಳುಗಳನ್ನು ಎರಡೂ ಅಂಗೈಯಲ್ಲಿ ಹಿಡಿದರು. ಅವರ ಕೈ ಎಷ್ಟು ತಣ್ಣಗಿತ್ತೆಂದರೆ ನಾನು ಕಾಲು ಎಳೆದುಕೊಂಡೆ. ಅವರು ಬಿಡಲಿಲ್ಲ. ಒಂದೊಂದೇ ಬೆರಳು ಒತ್ತಿ ನೋಡಿದರು, ನೂಲಿನ ಎಳೆ ಎಣಿಸುವಾಗಿನ ಹಾಗೆ.

"ಈಗ ನಿಮ್ಮ ಕಾಲು ತೋರಸ್ರಿ" ಎಂದೆ.

"ನಂದ್ಯಾಕ?"

"ಒಂದ ದಾರಿ, ಒಂದ ಗಾಳಿ. ಹೋಲಿಸಿ ನೋಡಬೇಕಲ್ಲ."

ತೋರಿಸಲಿಲ್ಲ. ನಾನೇ ಬಗ್ಗಿ ಮುಟ್ಟಿದೆ. ಕಲ್ಲು. ಚಹಾ ಸೋಸುತ್ತಿದ್ದ ಅಂಗಡಿಯಾಕೆ ಕೈ ನಿಲ್ಲಿಸಿ ನೋಡುತ್ತಿದ್ದಳು. ಆ ಕ್ಷಣಕ್ಕೆ ನಾನು ಕೂಡಿಟ್ಟಿದ್ದ ಒಂದು ಮಾತಿತ್ತು, ಚೂಪಾದದ್ದು. ಅದನ್ನು ಆಡುವ ಬದಲು ಚೀಲದಲ್ಲಿದ್ದ ಒಣ ಕಾಲುಚೀಲ ತೆಗೆದು ಅವರ ಕಾಲಿಗೆ ಏರಿಸಿದೆ. ಇದನ್ನು ಮರುಕ ಎಂದುಕೊಳ್ಳಬೇಡಿ. ಅದೂ ನನ್ನ ವಾದದ ಭಾಗವೇ.

ದೊಡ್ಡಪ್ಪ ಚಹಾ ಕುಡಿದು ಮುಗಿಸಿದರು. ಆಮೇಲೆ ಟ್ಯೂಬಿನ ತುಂಡನ್ನು ಕೈಗೆತ್ತಿಕೊಂಡು ಅಂಚನ್ನು ಕಣ್ಣಿಗೆ ಹಿಡಿದರು.

"ಕತ್ತರಿ ಸೊಟ್ಟ ಹೋಗೇತಿ."

"ಬೆಚ್ಚಗ ಅದಾವೋ ಇಲ್ಲೋ, ಅದನ್ನ ಹೇಳ್ರಿ."

"ಸೊಟ್ಟ ಹೋಗೇತಿ ಅಂದೆ. ನಾ ಕತ್ತರಿಸಿದ್ರ ಹಿಂಗ ಹೋಗ್ತಿದ್ದಿಲ್ಲ."

ಏಳು ಗಂಟೆ ಇಪ್ಪತ್ತು ನಿಮಿಷ. ನಾನು ಸೈಕಲ್ ಹತ್ತಿ ಹೊರಟೆ.

ಸಂಜೆ ಕೀಲಿಯನ್ನು ಅವರ ಮುಂದೆ ಹಿಡಿದೆ. ಅವರು ತಲೆ ಎತ್ತದೆ ಗೋಡೆಯ ಗೂಟದ ಕಡೆ ಬೆರಳು ಮಾಡಿದರು. ಸೋತೆ ಎನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಆ ಕಾಲುಚೀಲವನ್ನೂ ಹಿಂದಿರುಗಿಸಿಲ್ಲ. ಚಳಿ ಬಿದ್ದ ದಿನ ಹಾಕಿಕೊಂಡು ಪಡಸಾಲೆಯಲ್ಲಿ ಕೂರುತ್ತಾರೆ, ಯಾರಾದರೂ ನೋಡಿದರೆ ಕಾಲನ್ನು ಧೋತರದೊಳಗೆ ಎಳೆದುಕೊಳ್ಳುತ್ತಾರೆ. ನಾನು ಪ್ರತಿ ಸಲ ನೋಡುತ್ತೇನೆ.