ಮೂವತ್ತರವರೆಗೆ ಎಣಿಸುವ ಶಂಕ್ರಪ್ಪ

ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಬೆಳಗಿನ ಆರು ಗಂಟೆ. ಜನವರಿಯ ಥಂಡಿ. ಕಪ್ಪು ಎರಿ ಮಣ್ಣಿನ ಹೊಲಗಳ ಕಡೆಯಿಂದ ಕಡಲೆ ಗಿಡದ ಹುಳಿ ವಾಸನೆ ಬರುತ್ತಿದೆ. ಶಂಕ್ರಪ್ಪ ತಮ್ಮ ಬಿಳಿ ಕಾರಿನ ಗಾಜಿನ ಮೇಲಿನ ಇಬ್ಬನಿಯನ್ನು ಟಾವೆಲ್ಲಿನಿಂದ ಒರೆಸಿ, ಒಳಗೆ ಕೂತು ಕೀಲಿ ತಿರುಗಿಸುತ್ತಾರೆ. ಹಳೆಯ ಡೀಸೆಲ್ ಇಂಜಿನ್ ಒಮ್ಮೆ ಕೆಮ್ಮಿ ಚಾಲೂ ಆಗುತ್ತದೆ. ಗಿಯರ್ ಮೇಲೆ ಕೈಯಿಟ್ಟು ಅವರು ಬಾಯೊಳಗೇ ಎಣಿಸುತ್ತಾರೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಗಾಡಿ ಹೊರಡುತ್ತದೆ, ಆದರೆ ಚಕ್ಕಡಿಯ ವೇಗದಲ್ಲಿ. ಊರು ದಾಟುವವರೆಗೂ ಅವರ ಕಾಲು ಎಕ್ಸಲರೇಟರನ್ನು ಗಟ್ಟಿಯಾಗಿ ಒತ್ತುವುದಿಲ್ಲ.

"ನಿಂದ್ರಿಸಿ ಕಾಸಬಾರದ್ರಿ. ಸಾವಕಾಶ ನಡಸ್ಕೋಂತ ಕಾಸಬೇಕು," ಎನ್ನುತ್ತಾರೆ.

ಐವತ್ತೆಂಟು ವರ್ಷದ ಶಂಕ್ರಪ್ಪ ವಾರಕ್ಕೆ ಮೂರು ದಿನ ಮೂತ್ರಪಿಂಡದ ರೋಗಿಗಳನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಾರೆ. ಆರು ವರ್ಷ ದಾಟಿತು, ಒಂದು ಸರದಿಯೂ ತಪ್ಪಿಲ್ಲ. ಒಂಬೈನೂರಕ್ಕೂ ಹೆಚ್ಚು ಬೆಳಗು. ಈಗ ನಾಲ್ಕು ಜನ ಬರುತ್ತಾರೆ. ಮೊದಲ ವರ್ಷವೂ ನಾಲ್ವರೇ ಇದ್ದರು. ಅವರಲ್ಲಿ ಇವತ್ತು ಉಳಿದವರು ನಿವೃತ್ತ ಶಿಕ್ಷಕಿ ದ್ವಾರಕಾಬಾಯಿ ಒಬ್ಬರೇ.

ಊರಲ್ಲಿ ಅವರಿಗೆ 'ಮೂವತ್ತು ಸೆಕೆಂಡ್ ಶಂಕ್ರಪ್ಪ' ಎಂದು ಹೆಸರು. ಯಾರಾದರೂ ಹೊಸ ಕಾರು ತಂದು ಬೆಳಿಗ್ಗೆ ಮನೆ ಮುಂದೆ ಗುರುಗುಟ್ಟಿಸುತ್ತ ನಿಂತರೆ ಇವರು ಹೋಗಿ ಕಿಟಕಿ ಬಡಿಯುತ್ತಾರೆ. "ಸಾಕು ತಮ್ಮಾ, ಅರ್ಧಾ ನಿಮಿಷ ಆತು, ಹೊಂಡು." ಜನ ನಗುತ್ತಾರೆ. ಡೀಸೆಲ್ ಉಳಿಸುವ ಚಟ ಅಂದುಕೊಂಡಿದ್ದಾರೆ. ಅವರ ಬಗ್ಗೆ ಬರೆಯಲೆಂದು ಹೊರಟ ನಾನೂ ಹಾಗೆಯೇ ಅಂದುಕೊಂಡು ಹೋಗಿದ್ದೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಶಂಕ್ರಪ್ಪನವರಿಗೆ ಸ್ಟೇರಿಂಗ್ ಹಿಡಿಸಿದವರು ಕುಂದಗೋಳದ ಹಜರತಅಲಿ ಉಸ್ತಾದ್. ಅವರದೊಂದು ಮುದಿ ಜೀಪಿತ್ತು. ಅದನ್ನು ಹತ್ತು ನಿಮಿಷ ಕಾಯಿಸದೆ ಗಿಯರ್ ಹಾಕಿದರೆ ಉಸ್ತಾದ್ ಕೈ ಮೇಲೆ ಹೊಡೆಯುತ್ತಿದ್ದರು. ಮುಂದೆ ಶಂಕ್ರಪ್ಪ ಬಾಡಿಗೆ ಓಡಿಸಲು ಈ ಕಾರು ಕೊಂಡಾಗಲೂ ಪಾಠ ಬದಲಾಗಲಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟೇ ಹೊರಡುವುದು.

ಆ ಹತ್ತು ನಿಮಿಷದಲ್ಲಿ ಹೆಂಡತಿ ಗೌರಕ್ಕ ಚಹಾ ಹಿಡಿದು ಹೊರಗೆ ಬರುತ್ತಿದ್ದರು. ಇಬ್ಬರೂ ಬಾನೆಟ್ಟಿಗೆ ಬೆನ್ನು ಹಚ್ಚಿ ನಿಂತು ಕುಡಿಯುತ್ತಿದ್ದರು. ಮಕ್ಕಳಿಲ್ಲ. ಗಂಡ ಹೊರಬಿದ್ದರೆ ಮರಳುವುದು ಸಂಜೆಗೆ. "ನಾವು ಮಾತಾಡೂದು ಏನಿದ್ರೂ ಅಲ್ಲೇರಿ. ಬಾನೆಟ್ ಬೆಚ್ಚಗ ಆಗ್ತಿತ್ತು, ಆಕಿಗೆ ಅದು ಭಾಳ ಸೇರ್ತಿತ್ತು."

ಏಳು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗೌರಕ್ಕ ಎದೆ ಹಿಡಿದುಕೊಂಡು ಎದ್ದು ಕೂತರು. ಅಂಥ ನೋವೇನಿಲ್ಲ, ಯಾರೋ ಒತ್ತಿದಂಗ ಆಗೇತಿ ಅಂದರು. ತಾವೇ ನಡೆದು ಬಂದು ಮುಂದಿನ ಸೀಟಿನಲ್ಲಿ ಕೂತರು. ಶಂಕ್ರಪ್ಪ ಇಂಜಿನ್ ಚಾಲೂ ಮಾಡಿ, ಅದು ಕಾಯುವುದರೊಳಗೆ ಒಳಗೆ ಹೋಗಿ ಆಧಾರ್ ಕಾರ್ಡು ಹುಡುಕಿದರು, ಬಾಗಿಲಿಗೆ ಕೀಲಿ ಹಾಕಿದರು, ಬಂದು ಕೂತರು. ಆಮೇಲೂ ಗಿಯರ್ ಹಾಕಲಿಲ್ಲ.

"ಹೋಗೂಣೇನು ಅಂತ ಕೇಳ್ದೆರಿ. ಆಕಿನೂ ಅಂದ್ಳು, ಗಾಡಿ ಥಣ್ಣಗ ಐತಿ, ಕಾಯ್ಲಿ ಬಿಡ್ರಿ, ಅಂಥಾದ್ದೇನ್ ಆಗೇತಿ ನನಗ, ಅಂತ. ನಾ ಗಡಿಯಾರ ನೋಡ್ಕೋಂತ ಕುಂತೆ. ಹತ್ತು ನಿಮಿಷ ಆದ ಮ್ಯಾಲೇ ಗಾಡಿ ಬಿಟ್ಟೆ."

ಹುಬ್ಬಳ್ಳಿಯ ಮನೆಗಳು ಕಾಣತೊಡಗಿದಾಗ ಗೌರಕ್ಕ ಮಾತು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಇಳಿಸಿಕೊಂಡಾಗ ಜೀವ ಇರಲಿಲ್ಲ. ಹತ್ತು ನಿಮಿಷ ಮೊದಲು ಬಂದಿದ್ದರೆ ಎಂದು ಶಂಕ್ರಪ್ಪ ಡಾಕ್ಟರನ್ನು ಕೇಳಿದರು. "ಹೇಳಲಿಕ್ಕೆ ಬರೋದಿಲ್ಲ ಯಜಮಾನ್ರ," ಎಂದು ಆ ಡಾಕ್ಟರು ಭುಜ ಹಿಡಿದರಂತೆ.

"ಉಳೀತಿದ್ಲು ಅಂದಿದ್ರ ಅತ್ತು ಬಿಡ್ತಿದ್ದೆ. ಉಳೀತಿದ್ದಿಲ್ಲ ಅಂದಿದ್ರ ಸುಮ್ಮನಾಗ್ತಿದ್ದೆ. ಅವರು ಎರಡೂ ಅನ್ನಲಿಲ್ಲ ನೋಡ್ರಿ," ಎಂದು ಶಂಕ್ರಪ್ಪ ರೋಗಿಗಳೆಲ್ಲ ಇಳಿದುಹೋದ ಕಾರಿನಲ್ಲಿ, ಸ್ಟೇರಿಂಗ್ ಮೇಲಿನ ಕಣ್ಣು ತೆಗೆಯದೆ ಹೇಳುತ್ತಾರೆ.

ಐದು ತಿಂಗಳು ಕಾರಿಗೆ ತಾಡಪಾಲು ಮುಚ್ಚಿಯೇ ಇತ್ತು. ಮಂದಿಯ ಮನೆಗೂ ಹೋಗಲಿಲ್ಲ. ಅಡುಗೆ ಒಂದು ಹೊತ್ತು. ಆ ಬೇಸಿಗೆಯಲ್ಲಿ ಹಿಂದಿನ ಓಣಿಯ ದ್ವಾರಕಾಬಾಯಿ ಬಾಗಿಲಿಗೆ ಬಂದು ನಿಂತರು. ಡಯಾಲಿಸಿಸ್ ಶುರುವಾಗಿತ್ತು, ಬಸ್ಸಿನಲ್ಲಿ ನಿಂತು ಹೋಗಿ ಬರುವ ಶಕ್ತಿ ಇರಲಿಲ್ಲ.

"ಗಾಡಿ ಕೆಟ್ಟೈತ್ರಿ ಅಕ್ಕೋರ," ಎಂದರು ಇವರು.

"ಕೆಟ್ಟಿದ್ರ ರಿಪೇರಿ ಮಾಡಿಸು. ನನ್ನದು ರಿಪೇರಿ ಆಗೂದಿಲ್ಲ, ನಿಂದು ಆಗ್ತದ," ಎಂದರು ಅವರು.

ಆ ಮಾತಿಗೆ ಶಂಕ್ರಪ್ಪ ತಾಡಪಾಲು ತೆಗೆದರು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಬ್ಯಾಟರಿ ಹಾಕಿಸುವಾಗ ಮಿಸ್ತ್ರಿಯನ್ನು ಕೇಳಿದರು, ಇಂಥ ಗಾಡಿಯನ್ನು ಎಷ್ಟೊತ್ತು ಕಾಯಿಸಬೇಕು ಎಂದು. ಮಿಸ್ತ್ರಿ ತಲೆ ಎತ್ತದೆ ಹೇಳಿದ: ಅರ್ಧ ನಿಮಿಷ. ಅಷ್ಟರಲ್ಲಿ ಆಯಿಲ್ ಇಂಜಿನ್ನಿನ ತುದಿಗೆ ಏರುತ್ತದೆ. ಅಗದೀ ಥಂಡಿ ಇದ್ದರೆ ಒಂದು ನಿಮಿಷ. ಆಮೇಲೆ ನಿಧಾನ ಓಡಿಸಿದರೆ ತಾನೇ ಕಾಯುತ್ತದೆ. ನಿಂತಲ್ಲೇ ಕಾಯಿಸಿದರೆ ಒಳಗೆ ಮಸಿ ಕೂಡುವುದೇ ಹೊರತು ಲಾಭವಿಲ್ಲ. ಹತ್ತು ನಿಮಿಷ ಹಳೆಯ ಜೀಪುಗಳ ಕಾಲಕ್ಕಾಯಿತು.

ಶಂಕ್ರಪ್ಪ ಅಲ್ಲೇ ಒಂದು ಟೈರಿನ ಮೇಲೆ ಕೂತರು. ನೀರು ಬೇಕೇನು ಎಂದು ಮಿಸ್ತ್ರಿ ಕೇಳಿದ.

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ಸೀದಾ ಕುಂದಗೋಳಕ್ಕೆ, ಉಸ್ತಾದರ ಮನೆಗೆ. "ಬೈಬೇಕಂತ್ಲೇ ಹೋಗಿದ್ದೆರಿ. ಹಾದೀ ತುಂಬ ಏನೇನು ಅನಬೇಕು ಅಂತ ಹೊಂದಿಸ್ಕೊಂಡಿದ್ದೆ." ಹಜರತಅಲಿ ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜಾಗಿತ್ತು. ದನಿಯಿಂದಲೇ ಶಿಷ್ಯನ ಗುರುತು ಹಿಡಿದು ಕೈ ಚಾಚಿದರು. ಗೌರಕ್ಕ ಹೋದದ್ದು ಅವರಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು, "ಗಾಡಿ ಬರೋಬರಿ ಕಾಸ್ತಿಯಿಲ್ಲೋ ಬೇಟಾ?"

"ಹೌದ್ರಿ ಉಸ್ತಾದ್. ಹತ್ತು ನಿಮಿಷ," ಎಂದರು ಶಂಕ್ರಪ್ಪ.

ಆಮೇಲೆ ಉಸ್ತಾದ್ ಇರುವಷ್ಟು ದಿನ ತಿಂಗಳಿಗೊಮ್ಮೆ ಹೋಗಿ ಕೂತು ಬಂದರು. ಆ ಪ್ರಶ್ನೆ ಪ್ರತಿ ಸಲ ಬಂತು. ಉತ್ತರವೂ ಅದೇ. ಉಸ್ತಾದ್ ತೀರಿ ಎರಡು ವರ್ಷ. "ಅದಕ್ಕ ಈಗ ನಿಮಗ ಹೇಳಿದೆ. ಬರೀರಿ. ಆದ್ರ ಅವರದ ತಪ್ಪಲ್ಲ ಅಂತನೂ ಬರೀರಿ. ಅವರು ಹೇಳಿದ್ದು ಆ ಜೀಪಿನ ಮಾತು. ನಾ ಇದಕ್ಕ ಹಚ್ಚಿದೆ."

ದ್ವಾರಕಾಬಾಯಿಗೂ ಈ ಸಂಗತಿ ಗೊತ್ತಿಲ್ಲ. ಹಿಂದೆ ಕೂತರೆ ವಾಕರಿಕೆ ಬರುತ್ತದೆಂದು ಅವರು ಮೊದಲ ದಿನವೇ ಮುಂದಿನ ಬಾಗಿಲು ತೆಗೆದು ಕೂತರು. ಶಂಕ್ರಪ್ಪ ಬೇಡವೆನ್ನಲು ಹೋಗಿ, ಕೀಲಿ ತಿರುಗಿಸಿದರು. ಅವತ್ತಿನಿಂದ ಅದು ಅವರ ಜಾಗ. "ಈ ಮನುಷ್ಯ ಹೋಗುವಾಗ ಒಂದು ಮಾತೂ ಆಡೂದಿಲ್ಲರಿ. ನನ್ನ ಕಡೆ ಮಾತ್ರ ಗಳಿಗಿಗೊಮ್ಮೆ ಹೊಳ್ಳಿ ನೋಡ್ತಾನ," ಎನ್ನುತ್ತಾರೆ ಅವರು.

ಆರೂಕಾಲಕ್ಕೆ ಪಕ್ಕದ ಹಳ್ಳಿಯ ರಾಜಮಾಬಿ, ಅಲ್ಲಿಂದ ಮುಂದೆ ಇನ್ನಿಬ್ಬರು. ಏಳೂಕಾಲಕ್ಕೆ ಆಸ್ಪತ್ರೆ. ಎಲ್ಲರನ್ನೂ ಗೇಟಿನೊಳಗೆ ಇಳಿಸಿ ಶಂಕ್ರಪ್ಪ ಬೇವಿನ ಮರದ ಕೆಳಗೆ ಕಾರು ನಿಲ್ಲಿಸುತ್ತಾರೆ. ನಾಲ್ಕೂವರೆ ತಾಸು ಅಲ್ಲಿಯೇ. ಉಳಿದ ಡ್ರೈವರುಗಳು ಒಟ್ಟಾಗಿ ಚಹಾದಂಗಡಿಗೆ ಹೋಗುತ್ತಾರೆ. ಇವರನ್ನು ಕರೆಯುವುದನ್ನು ಬಿಟ್ಟು ಬಹಳ ದಿನವಾಯಿತು. ಗೌರಕ್ಕನನ್ನು ಹೊರತಂದ ಬಾಗಿಲು ಇದೇ ಕಟ್ಟಡದ್ದು. ಆರು ವರ್ಷದಲ್ಲಿ ಒಮ್ಮೆಯೂ ಅವರು ಅದರ ಒಳಗೆ ಕಾಲಿಟ್ಟಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ಸೀಟಿನಲ್ಲೇ ಕೂತು ಉಣ್ಣುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಆ ರಕ್ತ ತೊಳಿಯೋ ಮಶೀನು ನಮ್ಮ ಊರ ಬಾಜೂಕ ಎಲ್ಲರೆ ಬರಬೇಕ್ರಿ. ಅಕ್ಕೋರು ನಡಕೊಂಡು ಹೋಗಿ ಬರಬೇಕು, ಯಾರ ಗಾಡೀನೂ ಬೇಕಾಗಬಾರದು."

"ಹಾಗಾದರೆ ನಿಮಗೆ ಕೆಲಸ?"

"ಇರೂದಿಲ್ಲ."

"ಆಮೇಲೆ ಏನು ಮಾಡುತ್ತೀರಿ?"

ಶಂಕ್ರಪ್ಪ ರೊಟ್ಟಿಯ ಬಟ್ಟೆ ಕೊಡವಿ, ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾರೆ.

"ಮುಂಜಾನಿ ಒಂದೀಟು ತಡಾ ಮಾಡಿ ಏಳ್ತೀನ್ರಿ," ಎನ್ನುತ್ತಾರೆ.